ಹೆಸರುಕಾಳಿನ ಬಣ್ಣದ ಬೆಳಕು

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಕಲಬುರಗಿಯಲ್ಲಿ ಬಿ.ಎಸ್ಸಿ. ಓದುವಾಗ ನಮ್ಮದೊಂದು ಗುಂಪಿತ್ತು. ರವಿವಾರ ಬಂತೆಂದರೆ ಓಣಿ ಓಣಿ ತಿರುಗಿ, ಪವಾಡದ ಹೆಸರಿನಲ್ಲಿ ಜನರನ್ನು ಮರುಳು ಮಾಡುವವರ ಗುಟ್ಟು ಬಿಚ್ಚುವುದೇ ನಮ್ಮ ಕೆಲಸ. ಬೆಂಕಿಕಡ್ಡಿ ಇಲ್ಲದೆ ಹೋಮ ಹೊತ್ತಿಸುವುದು, ನಿಂಬೆಹಣ್ಣು ಕೊಯ್ದರೆ ರಕ್ತ ಸೋರಿಸುವುದು, ಎಲ್ಲವನ್ನೂ ನಾನೇ ಮಾಡಿ ತೋರಿಸಿ, ಕೊನೆಗೆ ಪುಡಿಯ ಡಬ್ಬಿಯನ್ನೇ ಎತ್ತಿ ಹಿಡಿಯುತ್ತಿದ್ದೆ. ಒಮ್ಮೆ ಒಬ್ಬ ಬಾಬಾನ ಕಡೆಯವರು ಕಲ್ಲು ತೂರಿದರು. ಹಣೆಯ ಮೇಲೆ ಅದರ ಗುರುತು ಇನ್ನೂ ಇದೆ. ಆ ಗುರುತಿನ ಬಗ್ಗೆ ನನಗೆ ಸ್ವಲ್ಪ ಜಂಬವೂ ಇದೆ.

ಅಂಥವಳು ಈಗ ನಿಮ್ಮ ಮುಂದೆ ಕೂತು, ಕರೆಂಟೇ ಇಲ್ಲದೆ ಬೆಳಗಿದ ಗಾಜಿನ ಸಂಗತಿ ಹೇಳುತ್ತಿದ್ದೇನೆ. ನಗುವವರು ನಗಬಹುದು. ನಂಬಿ ಎಂದು ನಾನು ಯಾರ ಕಾಲನ್ನೂ ಹಿಡಿಯುವುದಿಲ್ಲ. ಆದರೆ ನೀನು ಅದನ್ನು ನೋಡಲೇ ಇಲ್ಲ ಎಂದು ಮಾತ್ರ ಹೇಳಬೇಡಿ. ಆ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ.

ನಾನು ಹೈದರಾಬಾದಿಗೆ ಬಂದದ್ದು ಪಿಎಚ್.ಡಿ. ಮಾಡಲು. ನಾರಾಯಣಗೂಡದಲ್ಲಿ ಒಂದು ಬಾಡಿಗೆ ಕೋಣೆ, ಅಲ್ಲಿಂದ ದಿನಾ ಬಸ್ಸಿನಲ್ಲಿ ವಿಶ್ವವಿದ್ಯಾಲಯಕ್ಕೆ. ಅಲ್ಲೇನು ಕೆಲಸ ಎಂದು ಊರಿನಲ್ಲಿ ಯಾರಾದರೂ ಕೇಳಿದರೆ ಗಿಲೀಟು ಹಾಕುತ್ತೇನೆ ಅನ್ನುತ್ತಿದ್ದೆ. ಸುಳ್ಳೇನಲ್ಲ. ಹಿತ್ತಾಳೆ ಬಳೆಗೆ ಬಂಗಾರದ ಗಿಲೀಟು ಹಾಕುವವನು ಬಳೆಯನ್ನು ಲವಣದ ನೀರಿನಲ್ಲಿ ಇಳಿಬಿಟ್ಟು ಕರೆಂಟು ಹರಿಸುತ್ತಾನಲ್ಲ, ನಮ್ಮದೂ ಅದೇ ಕಸುಬು. ಬಳೆಯ ಬದಲು ಬೆರಳಗಲದ ಗಾಜಿನ ತುಂಡು, ಬಂಗಾರದ ಬದಲು ಸತುವು, ಅಷ್ಟೇ ವ್ಯತ್ಯಾಸ. ಗಾಜಿನ ಒಂದು ಮೈಗೆ ಕರೆಂಟು ಹರಿಯುವಂಥ ಲೇಪ ಮೊದಲೇ ಇರುತ್ತದೆ. ಅದನ್ನು ಸತುವಿನ ಲವಣ ಕರಗಿಸಿದ ಬಿಸಿನೀರಿನಲ್ಲಿಟ್ಟು ಹದವಾಗಿ ಕರೆಂಟು ಕೊಟ್ಟರೆ ಬಹಳ ತೆಳ್ಳನೆಯ ಒಂದು ಪೊರೆ ಬಂದು ಕೂರುತ್ತದೆ. ನೋಡಲು ಗಾಜಿನ ಮೇಲೆ ಯಾರೋ ಬಾಯಿಂದ ಹಬೆ ಊದಿದ ಹಾಗೆ ಇರುತ್ತದೆ.

ಆ ಒಂದೇ ಪೊರೆ ಎರಡು ಕೆಲಸ ಮಾಡಬೇಕೆಂಬುದು ನಮ್ಮ ಗೈಡ್ ಅವರ ಆಸೆ. ಅದನ್ನು ನೀರಿನಲ್ಲಿಟ್ಟು ಚೂರೇ ಚೂರು ಕರೆಂಟು ಕೊಟ್ಟರೂ ನೀರು ಒಡೆದು ಗಾಳಿಯ ಗುಳ್ಳೆಗಳು ಏಳಬೇಕು. ಜೊತೆಗೆ ಅದು ಬೆಳಕನ್ನೂ ಕೊಡಬೇಕು. ಗುಳ್ಳೆಯ ಕೆಲಸ ಅಷ್ಟೋ ಇಷ್ಟೋ ಆಯಿತು. ಬೆಳಕು ಮಾತ್ರ ಮೂರು ವರ್ಷ ಒದ್ದಾಡಿದರೂ ಬರಲಿಲ್ಲ. ಬೆಳಕು ಅಳೆಯಲು ಪ್ರಯೋಗಾಲಯದ ಒಂದು ಮೂಲೆಯಲ್ಲಿ ಕಿಟಕಿಯೇ ಇಲ್ಲದ ಸಣ್ಣ ಕತ್ತಲೆ ಕೋಣೆ ಇತ್ತು. ಗೋಡೆಗೆ ಕಪ್ಪು ಬಣ್ಣ, ಬಾಗಿಲಿಗೆ ಎರಡು ಪದರ ಕಪ್ಪು ಬಟ್ಟೆ. ಎಷ್ಟು ಸಲ ಗಾಜು ಹಿಡಿದು ಆ ಕೋಣೆಯ ಒಳಗೆ ಹೋಗಿದ್ದೇನೋ, ಅಷ್ಟು ಸಲವೂ ಮುಖ ಸಣ್ಣ ಮಾಡಿಕೊಂಡು ಹೊರಗೆ ಬಂದಿದ್ದೇನೆ.

ಇನ್ನು ಸಾಬಮ್ಮನ ಬಗ್ಗೆ ಹೇಳಬೇಕು. ಆಕೆ ಯಾದಗಿರಿ ಕಡೆಯವಳು, ನನಗಿಂತ ಹತ್ತು ವರ್ಷ ದೊಡ್ಡವಳು. ಗಂಡ ಕೂಕಟ್‌ಪಲ್ಲಿ ಕಡೆ ಅಪಾರ್ಟ್‌ಮೆಂಟು ಕಟ್ಟುವ ಕೆಲಸಕ್ಕೆ ಬಂದಾಗ ಆಕೆಯೂ ಬಂದು, ಗುತ್ತಿಗೆದಾರನೊಬ್ಬನ ಕೈಕೆಳಗೆ ನಮ್ಮ ವಿಭಾಗದ ಕಸ ಗುಡಿಸಿ ನೆಲ ಒರೆಸುತ್ತಿದ್ದಳು. ಎಲ್ಲರ ಜೊತೆ ತೆಲುಗಿನಲ್ಲಿ ಮಾತಾಡುತ್ತಿದ್ದವಳು, ನಾನು ಫೋನಿನಲ್ಲಿ ಅವ್ವನ ಜೊತೆ ಜಗಳಾಡುವುದನ್ನು ಕೇಳಿ, ನೀವು ನಮ್ಮ ಕಡೆಯವರೇನ್ರಿ ಎಂದು ಪೊರಕೆ ಹಿಡಿದುಕೊಂಡೇ ಬಂದು ನಿಂತಿದ್ದಳು. ಅಂದಿನಿಂದ ನಾನು ಆಕೆಗೆ ಅಕ್ಕೋರು, ಅಂದರೆ ಟೀಚರು. ಆಕೆ ನನಗೆ ಸಾಬಮ್ಮಕ್ಕ.

ಅದು ನಡೆದದ್ದು ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆ ದಾಟಿತ್ತು. ಹೊರಗೆ ಕಣ್ಣು ಬಿಡಲಾಗದ ಬಿಸಿಲು. ದೆವ್ವದ ಕತೆಗೆ ಹೊಂದುವ ಹೊತ್ತಲ್ಲ, ನನಗೂ ಗೊತ್ತು. ಲೈನು ರಿಪೇರಿ ಎಂದು ಇಡೀ ಕಟ್ಟಡದ ಕರೆಂಟು ತೆಗೆದಿದ್ದರು. ಯುಪಿಎಸ್ಸಿನ ಬ್ಯಾಟರಿಗಳು ಸತ್ತು ತಿಂಗಳಾಗಿತ್ತು. ಕೆಲಸ ನಿಂತಿತೆಂದು ಉಳಿದವರೆಲ್ಲ ಕ್ಯಾಂಟೀನಿಗೆ ಹೋಗಿದ್ದರು. ಕರೆಂಟು ಬಂದಾಗ ಒಮ್ಮೆಲೇ ಏಟು ಬಿದ್ದು ಯಂತ್ರ ಸುಟ್ಟುಹೋದೀತೆಂದು, ಅದರ ಸ್ವಿಚ್ಚು ಆರಿಸಲು ನಾನು ಕತ್ತಲೆ ಕೋಣೆಗೆ ಹೋದೆ.

ಮೇಜಿನ ಮೇಲೆ ಬೆಳಕಿತ್ತು.

ಹಿಂದಿನ ದಿನ ಸಂಜೆ ಮಾಡಿದ ಒಂದು ಗಾಜನ್ನು ಒಣಗಬಾರದೆಂದು ನೀರಿರುವ ಸಣ್ಣ ಗಾಜಿನ ತಟ್ಟೆಯಲ್ಲಿ ಮಲಗಿಸಿ ಅಲ್ಲಿಟ್ಟು ಹೋಗಿದ್ದೆ. ಅದರ ಪೊರೆ ಬೆಳಗುತ್ತಿತ್ತು. ಮಿಂಚಿದ್ದಲ್ಲ, ಮಿಣುಕಿದ್ದೂ ಅಲ್ಲ. ತಣ್ಣಗೆ, ಒಂದೇ ಸಮನೆ, ಅಂಚಿನಿಂದ ಅಂಚಿನವರೆಗೆ. ಮೊದಲು ನನಗೆ ಬಂದದ್ದು ಹೆದರಿಕೆಯಲ್ಲ, ಸಿಟ್ಟು. ಯಾವನೋ ನನ್ನ ಜೊತೆ ಚೇಷ್ಟೆ ಮಾಡುತ್ತಿದ್ದಾನೆ ಅಂದುಕೊಂಡೆ. ಪವಾಡ ಬಯಲು ಮಾಡುವವಳಿಗೇ ಪವಾಡ ತೋರಿಸುತ್ತೀಯಾ ಮಗನೇ ಎಂದು ಮನಸ್ಸಿನಲ್ಲೇ ಬೈದು, ಪರೀಕ್ಷೆಗೆ ಇಳಿದೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರಲ್ಲ, ಹಾಗೆಯೇ ಮಾಡಿದೆ. ಕಣ್ಣು ಮುಚ್ಚಿ ತೆರೆದೆ. ಮುಖ ಆಚೆ ತಿರುಗಿಸಿದೆ. ಕಣ್ಣಿನ ದೋಷವಾಗಿದ್ದರೆ ಬೆಳಕೂ ನನ್ನ ಜೊತೆ ತಿರುಗಬೇಕಿತ್ತು, ತಿರುಗಲಿಲ್ಲ. ಅಂಗೈ ಅಡ್ಡ ಹಿಡಿದೆ, ಮರೆಯಾಯಿತು. ಕೈ ತೆಗೆದೆ, ಕಂಡಿತು. ತಟ್ಟೆಯನ್ನು ಎತ್ತಿ ಇನ್ನೊಂದು ಮೇಜಿಗೆ ಒಯ್ದೆ, ಬೆಳಕೂ ಬಂತು. ಸುತ್ತ ತಂತಿಯಿದೆಯೇ ಎಂದು ಬೆರಳಾಡಿಸಿದೆ, ಒಂದೂ ಇರಲಿಲ್ಲ. ಕೈಗಡಿಯಾರವನ್ನು ಹತ್ತಿರ ಹಿಡಿದರೆ ಮುಳ್ಳುಗಳು ಕಂಡವು, ಹನ್ನೊಂದೂ ಇಪ್ಪತ್ತು. ಫೋನಿನಲ್ಲಿ ಮೂರು ಫೋಟೋ ತೆಗೆದೆ. ಮೂರೂ ಕರ್ರಗೆ ಬಂದವು, ಹಂಚಿನ ತಳದ ಹಾಗೆ. ಆಗ ಬಗ್ಗಿ ನೋಡಿದೆ. ಪೊರೆಯ ಮೈಯಿಂದ ಸಣ್ಣ ಸಣ್ಣ ಗುಳ್ಳೆಗಳು ಏಳುತ್ತಿದ್ದವು. ಕರೆಂಟು ಕೊಟ್ಟರೆ ಮಾತ್ರ ಏಳಬೇಕಾದ ಗುಳ್ಳೆಗಳು ಅವು.

ಇನ್ನೊಬ್ಬರ ಕಣ್ಣು ಬೇಕೆಂದು ಹೊರಗೆ ಓಡಿದೆ. ಕಾರಿಡಾರಿನಲ್ಲಿ ಸಾಬಮ್ಮ ಒಬ್ಬಳೇ ನೆಲ ಒರೆಸುತ್ತಿದ್ದಳು. ಬಾ ಅಂದರೆ ಬರಲೊಲ್ಲೆ ಅಂದಳು. ಕಸದವರು ಆ ಕೋಣೆಯೊಳಗೆ ಕಾಲಿಟ್ಟರೆ ಕೆಲಸದಿಂದ ತೆಗೆಯುತ್ತೇನೆ ಎಂದು ಗುತ್ತಿಗೆದಾರ ತಾಕೀತು ಮಾಡಿದ್ದ. ಕೈ ಹಿಡಿದು ಎಳೆದುಕೊಂಡೇ ಹೋದೆ. ಆಕೆ ಬಾಗಿಲಲ್ಲಿ ಚಪ್ಪಲಿ ಕಳಚಿ ಒಳಗೆ ಬಂದಳು. ನಾನು ಕಂಡದ್ದನ್ನು ಒಂದಕ್ಷರವೂ ಹೇಳಲಿಲ್ಲ, ಬೇಕೆಂದೇ ಹೇಳಲಿಲ್ಲ. ಏನು ಕಾಣುತ್ತದೆ ಎಂದಷ್ಟೇ ಕೇಳಿದೆ.

ಸಾಬಮ್ಮ ತಟ್ಟೆಯ ಹತ್ತಿರ ಬಗ್ಗಿ ನೋಡಿದಳು. ಆಮೇಲೆ, "ಹೆಸರಕಾಳಿನ ಬಣ್ಣದ ಬೆಳಕು ಐತ್ರಿ. ಸಣ್ ಸಣ್ಣ ಗುಳ್ಳಿ ಏಳಾಕತ್ತಾವ," ಅಂದಳು.

ನನ್ನ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಹುಚ್ಚು ಹಿಡಿದಿಲ್ಲ ನನಗೆ, ಇಬ್ಬರೂ ನೋಡುತ್ತಿದ್ದೇವೆ. ಖುಷಿಯಲ್ಲಿ ಆಕೆಯ ಭುಜ ಹಿಡಿದುಕೊಂಡರೆ ಆ ಭುಜ ನಡುಗುತ್ತಿತ್ತು. ದೆವ್ವಕ್ಕೆ ಹೆದರಿದ್ದಾಳೆ ಅಂದುಕೊಂಡೆ. ಅಲ್ಲ.

"ಅಕ್ಕೋರ, ತಪ್ಪು ನಂದ ಐತಿ. ಆ ಡಬ್ಬಿಯೊಳಗಿನ ಗಾಜು ಹೊಲಸಾಗ್ಯಾವಂತ ನಾ ಹುಣಸಿಹಣ್ಣು, ಉಪ್ಪು ಹಚ್ಚಿ ತಿಕ್ಕಿ ತೊಳದೀನ್ರಿ. ಅದಕ್ಕ ಹಿಂಗ ಆತೇನ್?"

ನಡೆದದ್ದು ಇಷ್ಟು. ಕೆಟ್ಟುಹೋದ ಹಳೆಯ ಗಾಜುಗಳನ್ನು ನಾನು ಒಂದು ಡಬ್ಬಿಯಲ್ಲಿ ಹಾಕಿ ತೊಟ್ಟಿಯ ಹತ್ತಿರ ಇಟ್ಟಿದ್ದೆ. ಆಕೆ ಅವನ್ನು ತಾಮ್ರದ ತಂಬಿಗೆ ಬೆಳಗಿದ ಹಾಗೆ ಬೆಳಗಿ, ಹೊಸದರಂತೆ ಮಾಡಿ ಸಾಲಾಗಿ ಒಣಗಿಸಿದ್ದಳು. ನಾನು ಹೊಸದೇ ಎಂದುಕೊಂಡು ಒಂದನ್ನು ಎತ್ತಿಕೊಂಡಿದ್ದೆ. ಪಾಪ, ಒಳ್ಳೆಯದು ಮಾಡಲು ಹೋದವಳು ಈಗ ಬೈಸಿಕೊಳ್ಳಲು ತಲೆ ತಗ್ಗಿಸಿ ನಿಂತಿದ್ದಳು. ನಾನು ಏನಾದರೂ ಹೇಳುವ ಮೊದಲೇ ಹೊರಗೆ ಫ್ಯಾನು ತಿರುಗಿದ ಸದ್ದಾಯಿತು. ಕರೆಂಟು ಬಂತು, ಗಾಜಿನ ಬೆಳಕು ಹೋಯಿತು. ಗುಳ್ಳೆಗಳೂ ನಿಂತವು. ಆಮೇಲೆ ನಾವು ಅರ್ಧ ಗಂಟೆ ಕತ್ತಲಲ್ಲಿ ನಿಂತರೂ ಏನೂ ಆಗಲಿಲ್ಲ.

ಹುಣಸೆಹಣ್ಣು ಎಂದು ಕೇಳಿದಾಗ ನನಗೆ ಗುಟ್ಟು ಸಿಕ್ಕಿತೆಂದೇ ಅನ್ನಿಸಿತ್ತು. ಹುಣಸೆಯ ಹುಳಿಯಲ್ಲಿರುವ ಆಮ್ಲವನ್ನು ನಮ್ಮ ಕಸುಬಿನಲ್ಲಿ ಬಳಸುವುದುಂಟು. ಮರುವಾರದಿಂದ ಸಾಬಮ್ಮನೂ ನಾನೂ ಗುಟ್ಟಾಗಿ ಕೂತು ಗಾಜು ತಿಕ್ಕಿದ್ದೇ ತಿಕ್ಕಿದ್ದು. ಹೊಸ ಹುಣಸೆ, ಹಳೆ ಹುಣಸೆ, ಆಕೆಯ ಮನೆಯ ಗಡಿಗೆಯಿಂದಲೇ ತಂದ ಹುಣಸೆ. ಉಪ್ಪು ಹಾಕಿ, ಹಾಕದೆ. ಆಕೆಯ ಕೈಯಿಂದ, ನನ್ನ ಕೈಯಿಂದ. ಮೂವತ್ತೆಂಟು ಗಾಜು ಮಾಡಿದೆವು. ಒಂದು ದಿನ ಮೇನ್ ಸ್ವಿಚ್ಚನ್ನೇ ಆರಿಸಿ ಇಡೀ ವಿಭಾಗದ ಬೈಗುಳ ತಿಂದೆ. ಒಂದೂ ಬೆಳಗಲಿಲ್ಲ. ಬೆಳಗಿದ ಗಾಜನ್ನು ಎಲ್ಲ ಯಂತ್ರಗಳಲ್ಲೂ ಹಾಕಿ ನೋಡಿದೆ. ಸಾಧಾರಣ ಸತುವಿನ ಪೊರೆ, ಮತ್ತೇನಿಲ್ಲ ಎಂದೇ ಎಲ್ಲ ಯಂತ್ರಗಳೂ ಹೇಳಿದವು. ನೀರೂ ಸತುವೂ ಸೇರಿ ಸಣ್ಣ ಬ್ಯಾಟರಿಯಾಗಿರಬಹುದು ಎಂದು ಒಬ್ಬರು ಅಂದರು. ಲೆಕ್ಕ ಹಾಕಿದೆ. ಗುಳ್ಳೆಗೇ ಸಾಲದ ಶಕ್ತಿ, ಬೆಳಕಿಗೆ ಎಲ್ಲಿಂದ ಬರಬೇಕು?

ಊರಿಗೆ ಹೋದಾಗ ಚಿಕ್ಕಮ್ಮನಿಗೆ ಹೇಳಿದ್ದೇ ತಪ್ಪಾಯಿತು. ಅದು ದೇವಿಯೇ, ನಿನ್ನ ಸೊಕ್ಕು ಮುರಿಯಲು ಬಂದಿದ್ದಾಳೆ, ಗಾಜನ್ನು ತಂದು ದೇವರ ಜಗುಲಿಯ ಮೇಲಿಡು, ಕುಂಕುಮ ಹಚ್ಚೋಣ ಅಂದಳು. ಹಚ್ಚುವುದಿಲ್ಲ ಅಂದೆ. ನನಗೆ ಗೊತ್ತಿಲ್ಲದ್ದಕ್ಕೆಲ್ಲ ದೇವರೆಂದು ಹೆಸರಿಡಲು ನಾನು ತಯಾರಿರಲಿಲ್ಲ, ಇಂದಿಗೂ ತಯಾರಿಲ್ಲ. ನಮ್ಮ ಗೈಡ್ ಇದಕ್ಕೆ ಪೂರ್ತಿ ಉಲ್ಟಾ. ಅವರು ಒಳ್ಳೆಯ ಮನುಷ್ಯ, ಆದರೆ ನಾಲ್ಕು ಜನ ನಕ್ಕಾರೆಂದರೆ ಅವರಿಗೆ ನಿದ್ದೆ ಬರುವುದಿಲ್ಲ. ನೀನು ದಣಿದಿದ್ದೆ, ಏನೂ ನೋಡಿಲ್ಲ, ಬಿಟ್ಟುಬಿಡು ಅಂದರು. ಒಬ್ಬಳು ದೇವರು ಅನ್ನುತ್ತಾಳೆ, ಒಬ್ಬರು ಏನೂ ಇಲ್ಲ ಅನ್ನುತ್ತಾರೆ. ಗೊತ್ತಿಲ್ಲ ಎಂದು ಹೇಳಲು ಮಾತ್ರ ಇಬ್ಬರಿಗೂ ಬಾಯಿ ಬಾರದು.

ನಾನು ಹಟಕ್ಕೆ ಬಿದ್ದೆ. ಥೀಸಿಸ್ ಬರೆಯುವಾಗ ಕೊನೆಯಲ್ಲಿ ಒಂದೇ ಒಂದು ಪುಟ ಸೇರಿಸಿದೆ. ದಿನ, ಹೊತ್ತು, ಗಾಜಿನ ನಂಬರು, ಬಣ್ಣ, ಗುಳ್ಳೆ, ಕರ್ರಗೆ ಬಂದ ಫೋಟೋ, ಹುಣಸೆಹಣ್ಣು, ಮೂವತ್ತೆಂಟು ಸೋಲು. ಕಾರಣ ತಿಳಿಯದು ಎಂದು ಕೆಳಗೆ ಬರೆದೆ. ನೋಡಿದವರು ಎಂದು ನನ್ನ ಹೆಸರಿನ ಜೊತೆ ಸಾಬಮ್ಮನ ಹೆಸರನ್ನೂ ಹಾಕಬೇಕಿತ್ತು. ಹಾಕಿದರೆ ಆಕೆ ಆ ಕೋಣೆಯೊಳಗೆ ಹೋಗಿದ್ದು ಗುತ್ತಿಗೆದಾರನಿಗೆ ಗೊತ್ತಾಗುತ್ತಿತ್ತು. ಅದನ್ನೇ ಬಿಡಿಸಿ ಹೇಳಿ, ಹಾಕಲೋ ಬೇಡವೋ ಎಂದು ಕೇಳಿದೆ. ಆಕೆ ಒಂದು ಗಳಿಗೆಯೂ ಯೋಚಿಸಲಿಲ್ಲ.

"ಹಾಕ್ರಿ. ನೋಡಿದ್ದಕ್ಕ ನೋಡೀನಿ ಅನ್ನಾಕ ಯಾರದೇನ್ ಅಂಜಿಕಿ?"

ಆಕೆಗೆ ಓದುಬರಹ ಬರುತ್ತಿರಲಿಲ್ಲ. ಆಫೀಸಿನ ಸ್ಟಾಂಪ್ ಪ್ಯಾಡು ತಂದು ಪುಟದ ಕೆಳಗೆ ಹೆಬ್ಬೆಟ್ಟು ಒತ್ತಿಸಿಕೊಂಡೆ.

ಗೈಡ್ ಆ ಹೆಬ್ಬೆಟ್ಟು ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡರು. ಪುಟ ಇರಲಿ, ಆದರೆ ಆ ಹೆಸರು ತೆಗೆ, ಸಹಾಯಕ ಸಿಬ್ಬಂದಿ ಎಂದು ಬರೆ ಅಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಲೆಕ್ಕ. ನನ್ನ ಫೆಲೋಶಿಪ್ಪಿನ ಗಡುವು ಮುಗಿಯುತ್ತಿತ್ತು. ಮಾದಾಪುರದ ಒಂದು ಕಂಪನಿಯಲ್ಲಿ ಕೆಲಸ ಗಟ್ಟಿಯಾಗಿತ್ತು, ಡಿಗ್ರಿಯ ಕಾಗದ ತೋರಿಸುವುದಷ್ಟೇ ಬಾಕಿ. ಒಂದು ಹೆಸರು ಅಳಿಸಿದರೆ ಎಲ್ಲವೂ ಸಲೀಸು. ಸತ್ಯ ಹೇಳುತ್ತೇನೆ, ಎರಡು ದಿನ ಊಟ ಸೇರಲಿಲ್ಲ. ಅಳಿಸಿಬಿಡೋಣ ಎಂದು ಕಂಪ್ಯೂಟರಿನ ಮುಂದೆ ಕೂತದ್ದೂ ಉಂಟು. ಆದರೆ ಸಾಬಮ್ಮನ ಹೆಸರು ತೆಗೆದರೆ ಆ ಬೆಳಕನ್ನು ನೋಡಿದವಳು ನಾನೊಬ್ಬಳೇ ಆಗುತ್ತಿದ್ದೆ. ಅದು ಸುಳ್ಳು. ಸುಳ್ಳು ಬರೆಯುವುದಕ್ಕೆ ಹಣೆಗೆ ಕಲ್ಲು ಹೊಡೆಸಿಕೊಳ್ಳಬೇಕಿತ್ತೇ? ತೆಗೆಯುವುದಿಲ್ಲ ಎಂದು ಹೇಳಿ ಬಂದೆ.

ವೈವಾ, ಅಂದರೆ ಮೌಖಿಕ ಪರೀಕ್ಷೆಯ ದಿನ ಸಭಾಂಗಣ ತುಂಬಿತ್ತು. ಪರೀಕ್ಷಕರು ಬೇರೆ ಊರಿನಿಂದ ಬಂದ ಹಿರಿಯರು, ಹಿಂದಿಯವರು. ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯಿತು. ಉಳಿದ ಥೀಸಿಸ್ಸನ್ನು ಮೆಚ್ಚಿಕೊಂಡರು. ಆಮೇಲೆ ಕೊನೆಯ ಪುಟ ತೆರೆದು, ಫೋಟೋ ಇಲ್ಲ, ಅಳತೆ ಇಲ್ಲ, ಮತ್ತೊಮ್ಮೆ ಆಗಿಲ್ಲ, ಇದು ಇಲ್ಲಿ ಯಾಕಿದೆ ಎಂದರು. ನಡೆಯಿತು, ಅದಕ್ಕೇ ಇದೆ ಅಂದೆ. ಈ ಸಾಬಮ್ಮ ಯಾವ ಲ್ಯಾಬಿನವರು ಎಂದು ಕೇಳಿದರು. ನಮ್ಮ ಲ್ಯಾಬಿನ ನೆಲ ಒರೆಸುವವರು ಅಂದೆ. ಸಭಾಂಗಣದಲ್ಲಿ ನಗು ಎದ್ದಿತು. ಪರೀಕ್ಷಕರೂ ನಕ್ಕು, ಓದದವರ ಸಾಕ್ಷಿ ಇಲ್ಲಿ ನಡೆಯುವುದಿಲ್ಲ, ಈ ಪುಟ ತೆಗೆದುಬಿಡಿ, ಇವತ್ತೇ ಸಹಿ ಹಾಕಿ ಹೋಗುತ್ತೇನೆ ಅಂದರು.

ಸಾಬಮ್ಮ ಅಲ್ಲೇ ಇದ್ದಳು. ಬಂದವರಿಗೆ ಚಹಾ ಕೊಡಲು ಆಕೆಯನ್ನೇ ಹಾಕಿದ್ದರು. ಹಿಂದಿನ ಸಾಲಿನ ಹತ್ತಿರ ಟ್ರೇ ಹಿಡಿದು ನಿಂತವಳಿಗೆ ತನ್ನ ಹೆಸರು ಕೇಳಿತ್ತು, ನಗುವೂ ಕೇಳಿತ್ತು. ಟ್ರೇಯನ್ನು ಒಂದು ಕುರ್ಚಿಯ ಮೇಲಿಟ್ಟು, ಅಷ್ಟು ಜನರ ನಡುವೆ, ನನ್ನ ಹೆಸರಿಗೆ ಏನಂತಾರೆ ಎಂದು ಕನ್ನಡದಲ್ಲೇ ನನ್ನನ್ನು ಕೇಳಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನೀನು ಓದಿದವಳಲ್ಲವಂತೆ, ನಿನ್ನ ಸಾಕ್ಷಿ ನಡೆಯುವುದಿಲ್ಲವಂತೆ.

"ನನಗ ಓದಾಕ ಬರಂಗಿಲ್ಲ, ಖರೆ. ಕಣ್ಣು ಎರಡೂ ಛಲೋ ಅದಾವ. ಬೆಳಕು ನೋಡಾಕ ಸಾಲಿ ಕಲತಿರಬೇಕೇನ್, ಕೇಳ್ರಿ ಅವರ್ನ."

ಗೈಡ್ ನನ್ನತ್ತ ಕಣ್ಣಿನಲ್ಲೇ ಬೇಡ ಅಂದರು. ನಾನು ಆ ಮಾತನ್ನು ಉಪ್ಪು ಖಾರ ಒಂದೂ ಕಡಿಮೆ ಮಾಡದೆ ಹಿಂದಿಗೆ ತಂದು ಹೇಳಿದೆ. ಪರೀಕ್ಷಕರು ಕನ್ನಡಕ ತೆಗೆದು ಒರೆಸಿಕೊಂಡು, ನೇರವಾಗಿ ಆಕೆಯನ್ನೇ ಹಿಂದಿಯಲ್ಲಿ ಪ್ರಶ್ನಿಸಿದರು. ನೀಲಿ ಬಣ್ಣ ತಾನೇ ಅಂದರು. ಅಲ್ಲ, ಮೂಂಗ್, ಹೆಸರುಕಾಳಿನ ಬಣ್ಣ ಎಂದು ತನ್ನ ದಖ್ಖನಿ ಹಿಂದಿಯಲ್ಲಿ ಹೇಳಿದಳು. ಮಿಣಮಿಣ ಅನ್ನುತ್ತಿತ್ತಲ್ಲವೇ ಅಂದರು. ಇಲ್ಲ, ಸುಮ್ಮನೆ ಒಂದೇ ಸಮ ಇತ್ತು. ಗುಳ್ಳೆ ತಟ್ಟೆಯಿಂದ ಎದ್ದಿರಬೇಕು ಅಂದರು. ಅಲ್ಲ, ಗಾಜಿನಿಂದ. ಎಷ್ಟು ತಿರುಗಿಸಿ ಕೇಳಿದರೂ ಆಕೆ ಒಂದು ಎಳೆ ಅತ್ತಿತ್ತ ಆಗಲಿಲ್ಲ. ಮೊದಲು ನಕ್ಕವರು ಈಗ ನಗಲಿಲ್ಲ. ನನಗೆ ಕಣ್ಣು ತುಂಬಿ ಬಂದು ಪರದೆಯ ಮೇಲಿನ ಅಕ್ಷರವೇ ಕಾಣಲಿಲ್ಲ.

ಅವತ್ತು ಸಹಿ ಆಗಲಿಲ್ಲ. ಪುಟ ಇರಲಿ, ಆದರೆ ಏನೇನು ಕಾರಣ ಇರಬಹುದು, ಯಾವುದು ಯಾಕೆ ಅಲ್ಲ ಎಂದು ಇನ್ನಷ್ಟು ಪ್ರಯೋಗ ಮಾಡಿ ಬರೆದು ಮತ್ತೆ ಕಳಿಸಿ ಎಂದು ಹೇಳಿ ಹೋದರು. ಅದಕ್ಕೆ ಏಳು ತಿಂಗಳು ಹಿಡಿಯಿತು. ಮಾದಾಪುರದ ಕೆಲಸ ಕೈಬಿಟ್ಟಿತು. ಗುತ್ತಿಗೆದಾರ ಸಾಬಮ್ಮನನ್ನು ಹಾಸ್ಟೆಲಿನ ಬಚ್ಚಲು ತೊಳೆಯಲು ಹಾಕಿದ. ನಾನು ಹೋಗಿ ಕೂಗಾಡಿದೆ, ಅರ್ಜಿ ಬರೆದೆ, ಏನೂ ಆಗಲಿಲ್ಲ. ಅದೊಂದು ಸಂಕಟ ನನಗೆ ಇನ್ನೂ ಹೋಗಿಲ್ಲ. ಪುಟದ ಬಗ್ಗೆ ಮಾತ್ರ ಒಂದು ದಿನವೂ ಪಶ್ಚಾತ್ತಾಪವಾಗಿಲ್ಲ.

ಕಾರಣಗಳ ಪಟ್ಟಿ ಕೊನೆಗೆ ಹನ್ನೊಂದಾಯಿತು. ಒಂದೊಂದನ್ನೂ ನಾನೇ ಹೊಡೆದುಹಾಕಿದೆ. ಅದಾಗಿ ಏಳು ವರ್ಷ ಕಳೆದಿವೆ, ಹನ್ನೆರಡನೆಯದು ಇನ್ನೂ ಹೊಳೆದಿಲ್ಲ. ನಿಮಗೆ ಹೊಳೆದರೆ ಹೇಳಿ, ಪರೀಕ್ಷಿಸುತ್ತೇನೆ. ನೋಡಿಲ್ಲ ಎಂಬುದೊಂದನ್ನು ಬಿಟ್ಟು ಬೇರೆ ಏನು ಬೇಕಾದರೂ ಹೇಳಿ.

ಥೀಸಿಸ್ ಬೈಂಡಾಗಿ ಬಂದ ದಿನ ಮೊದಲ ಪ್ರತಿ ಹಿಡಿದು ಹಾಸ್ಟೆಲಿಗೆ ಹೋದೆ. ಸಾಬಮ್ಮ ಸೀರೆಯ ಸೆರಗಿಗೆ ಕೈ ಒರೆಸಿಕೊಂಡು, ಆ ಪುಟ ತೆರೆಸಿ, ತನ್ನ ಹೆಬ್ಬೆಟ್ಟನ್ನು ಬಹಳ ಹೊತ್ತು ನೋಡಿದಳು. ಆಮೇಲೆ ದನಿ ಇಳಿಸಿ ಕೇಳಿದಳು.

"ಖರೆ ಹೇಳ್ರಿ ಅಕ್ಕೋರ, ಅದು ಏನಿತ್ತು?"

ಗೊತ್ತಿಲ್ಲ ಅಂದೆ.

"ಇಷ್ಟು ದಪ್ಪ ಪುಸ್ತಕ ಬರದೂ ಗೊತ್ತಿಲ್ಲೇನ್ರಿ?"

ಇಲ್ಲ ಅಂದೆ. ಆಕೆ ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟಳು.

"ಹಂಗಾರ ಇನ್ನಾ ಓದ್ರಿ," ಎಂದು ಬಕೀಟು ಎತ್ತಿಕೊಂಡು ಒಳಗೆ ಹೋದಳು.

ಓದುತ್ತಿದ್ದೇನೆ.